ಮೈಕಾ ಇದ್ದರೂ ಎನ್‌ಕೆ ಕೋಶ ಸುಮ್ಮನಿದೆಯೇ? ಮೊದಲು ಎಚ್‌ಎಲ್‌ಎ ನೋಡಿ

ಟ್ಯೂಮರ್ ಕೋಶದ ಮೇಲೆ ಮೈಕಾ (ಎನ್‌ಕೆಯನ್ನು ಕೆರಳಿಸುವ ಅಣು) ಧಾರಾಳವಾಗಿದ್ದರೂ ಎನ್‌ಕೆ ಕೋಶ (ಕೆಟ್ಟ ಕೋಶಗಳನ್ನು ಕೊಲ್ಲುವ ರೋಗನಿರೋಧಕ ಕೋಶ) ಕೊಲ್ಲುತ್ತಿಲ್ಲ, ಎನ್‌ಕೆಗೆ ಕಸುವು ಕೊಡುವ ಐಎಲ್-2 ಏರಿಸಲೇ, ಸೆಲ್ ಲೈನ್ ಬದಲಿಸಲೇ ಅಂತ ಕೇಳಿದ್ದೀರಿ. ಎರಡೂ ಬೇಡ. ಇದೇ ಗುಂಡಿಯಲ್ಲಿ ನಾನು ಮೂರು ತಿಂಗಳು ಕಳೆದಿದ್ದೇನೆ.

ನನ್ನ ಪ್ರಾಜೆಕ್ಟಿನಲ್ಲಿ ಕೆ562 (ಹೋಲಿಕೆಗೆ ಇಟ್ಟ, ಎನ್‌ಕೆ ಸುಲಭವಾಗಿ ಕೊಲ್ಲುವ ಲ್ಯುಕೀಮಿಯಾ ಕೋಶ) ಪ್ರತಿ ಸಲ ಚೆನ್ನಾಗಿ ಸಾಯುತ್ತಿತ್ತು, ಟ್ಯೂಮರ್ ಕೋಶ ಹಾಗೇ ಉಳಿಯುತ್ತಿತ್ತು. ಎನ್‌ಕೆಗೆ ಕಸುವು ಸಾಲದು ಅಂದುಕೊಂಡು ಐಎಲ್-2 ಸುರಿದೆ. ಕೆ562 ಸಾಯುತ್ತಿದೆ ಅಂದಮೇಲೆ ಎನ್‌ಕೆ ಸರಿಯಾಗಿಯೇ ಇದೆ, ಅಷ್ಟೂ ಹೊಳೆಯಲಿಲ್ಲ.

ಕೊಯ್ಲಿನ ಹೊತ್ತಿಗೆ ತೀರ್ಥಹಳ್ಳಿಯ ಮನೆಗೆ ಹೋದೆ. ರಾತ್ರಿ ಅಡಿಕೆ ಸುಲಿಯುವಾಗ ಅಪ್ಪಯ್ಯನ ಹತ್ತಿರ ಗೋಳು ಹೇಳಿಕೊಂಡೆ. ಮೆಟ್ಟುಗತ್ತಿಯಿಂದ ಕಣ್ಣೆತ್ತದೆ ಕೇಳಿದರು: "ಎರಡಕ್ಕೂ ಒಂದೇ ಗೊಬ್ಬರ ಹಾಕಿದ್ಯನೋ?"

ಹಾಕಿರಲಿಲ್ಲ. ಟ್ಯೂಮರ್ ಕೋಶಕ್ಕೆ ಮಾತ್ರ ಎರಡು ದಿನ ಮೊದಲೇ ಇಂಟರ್‌ಫೆರಾನ್ ಗಾಮಾ ಹಾಕುತ್ತಿದ್ದೆ. ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ವಸ್ತು, ಆದ್ದರಿಂದ ಕೊಲ್ಲುವುದೂ ಹೆಚ್ಚುತ್ತದೆ ಅಂತ ನನ್ನ ಲೆಕ್ಕ. ಆದರೆ ಅದು ಕೋಶದ ಮೈಮೇಲೆ ಎಚ್‌ಎಲ್‌ಎ ಕ್ಲಾಸ್-1 ಅಣುಗಳನ್ನು, ಅಂದರೆ ಕೋಶ ನಮ್ಮದೇ ಎಂದು ತೋರಿಸುವ ಗುರುತುಗಳನ್ನು, ಏರಿಸುತ್ತದೆ. ಇನ್ನೊಂದು ರೋಗನಿರೋಧಕ ಕೋಶವಾದ ಟಿ ಕೋಶಕ್ಕೆ ಗುರಿ ಗುರುತಿಸಲು ಎಚ್‌ಎಲ್‌ಎ ಬೇಕೇ ಬೇಕು. ಎನ್‌ಕೆಗೆ ಅದೇ ತಡೆ. ಎನ್‌ಕೆಯ ಮೇಲಿರುವ ಕಿರ್ ಗ್ರಾಹಕಗಳು ಎಚ್‌ಎಲ್‌ಎ ಸಿಕ್ಕೊಡನೆ 'ಇದು ನಮ್ಮದೇ, ಬಿಡು' ಎನ್ನುತ್ತವೆ. ಎಚ್‌ಎಲ್‌ಎಯ ಒಂದು ಬಗೆಯಾದ ಎಚ್‌ಎಲ್‌ಎ-ಇ ಇದ್ದರೆ ಎನ್‌ಕೆಜಿ2ಎ ಎಂಬ ಗ್ರಾಹಕ ಕೂಡ ಅದನ್ನೇ ಹೇಳುತ್ತದೆ. ಮೈಕಾ ಎನ್‌ಕೆಯ ಎನ್‌ಕೆಜಿ2ಡಿ ಗ್ರಾಹಕದ ಮೂಲಕ 'ಹೊಡಿ' ಎಂದು ಕೂಗುತ್ತಿದ್ದರೂ ಆ ಕೂಗು ಮುಳುಗಿಹೋಗುತ್ತದೆ. ಕೆ562 ಮೇಲೆ ಎಚ್‌ಎಲ್‌ಎ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಅದಕ್ಕೇ ಸಾಯುತ್ತಿತ್ತು. ಸ್ವೀಡನ್ನಿನ ಕ್ಲಾಸ್ ಕಾರೆ ಮತ್ತು ಜೊತೆಗಾರರು 1986ರಲ್ಲೇ ಇಲಿಯ ಲಿಂಫೋಮಾ ಕೋಶಗಳಲ್ಲಿ ಇದೇ ತತ್ವವನ್ನು, ಇಂಥ ಗುರುತು ಇಲ್ಲದ ಕೋಶವನ್ನು ಎನ್‌ಕೆ ಕೊಲ್ಲುತ್ತದೆ ಎಂಬುದನ್ನು, ತೋರಿಸಿದ್ದರು. ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ! ಫ್ಲೋಗೆ (ಕೋಶದ ಮೇಲಿನ ಅಣುಗಳನ್ನು ಅಳೆಯುವ ಪರೀಕ್ಷೆ) ಮೈಕಾ ಆಂಟಿಬಾಡಿ ಮಾತ್ರ ಹಾಕಿ ಎಚ್‌ಎಲ್‌ಎಯದನ್ನು ಬಿಟ್ಟದ್ದೇ ನನ್ನ ತಪ್ಪು.

ವಾಪಸ್ ಹೋಗಿ ಕೆ562ಗೂ ಇಂಟರ್‌ಫೆರಾನ್ ಹಾಕಿದೆ. ಅದರ ಮೇಲೂ ಎಚ್‌ಎಲ್‌ಎ ಏರಿತು, ಸಾಯುವುದು ಕಡಿಮೆಯಾಯಿತು.

ಮೈಕಾ ಇದೆಯೇ ಎಂದಷ್ಟೇ ನೋಡಿದರೆ ಅರ್ಧ ಕೆಲಸ. ಒಂದೇ ದಿನ, ಒಂದೇ ಕೋಶದಲ್ಲಿ ಮೈಕಾ, ಎಚ್‌ಎಲ್‌ಎ ಎರಡನ್ನೂ ಅಳೆಯಿರಿ. ಆಮೇಲೆ ಎಚ್‌ಎಲ್‌ಎಗೆ ಅಂಟುವ ಡಬ್ಲ್ಯೂ6/32 ಆಂಟಿಬಾಡಿಯಿಂದ ಎಚ್‌ಎಲ್‌ಎ ಮುಚ್ಚಿ ನೋಡಿ. ಇಡೀ ಆಂಟಿಬಾಡಿ ಬೇಡ, ಬಾಲ (ಎಫ್‌ಸಿ ಭಾಗ) ಕತ್ತರಿಸಿದ್ದನ್ನೇ ತನ್ನಿ. ಇಲ್ಲವಾದರೆ ಎನ್‌ಕೆ ತನ್ನ ಸಿಡಿ16 ಗ್ರಾಹಕದಿಂದ ಆ ಬಾಲವನ್ನೇ ಹಿಡಿದು ಕೋಶವನ್ನು ಕೊಂದೀತು, ಎಚ್‌ಎಲ್‌ಎ ಮುಚ್ಚಿದ್ದಕ್ಕೇ ಸತ್ತಿತು ಎಂದು ನೀವು ನಂಬಿಬಿಡುತ್ತೀರಿ. ಟ್ಯೂಮರ್ ಕೋಶ ಮೈಕಾವನ್ನು ಕಳಚಿ ಹೊರಗೂ ಬಿಡುತ್ತದೆ, ಅದು ಎನ್‌ಕೆಜಿ2ಡಿಗೆ ಅಂಟಿ ಎನ್‌ಕೆಯನ್ನು ಮಂಕಾಗಿಸಬಹುದು, ಹಾಗಾಗಿ ಹಳೆಯ ಮೀಡಿಯಂ ತೊಳೆದು ತೆಗೆದೇ ಎನ್‌ಕೆ ಸೇರಿಸಿ.