ಪೊಟ್ಯಾಸಿಯಂ ಸೆನ್ಸರ್ ಜಾಸ್ತಿ ತೋರಿಸುತ್ತಿದೆಯೇ? ಮೆಂಬ್ರೇನ್ ಮುಟ್ಟಬೇಡಿ

ನೀರಿನಲ್ಲಿ ಪೊಟ್ಯಾಸಿಯಂ ತೀರಾ ಕಡಿಮೆ ಇದ್ದಾಗ ಸೆನ್ಸರ್ ಜಾಸ್ತಿ ತೋರಿಸುತ್ತಿದೆ, ಸೆನ್ಸರ್ ತುದಿಯ ಪೊರೆಯಲ್ಲಿ (ಮೆಂಬ್ರೇನ್) ಪೊಟ್ಯಾಸಿಯಂ ಅನ್ನು ಆರಿಸಿ ಹಿಡಿಯುವ ವ್ಯಾಲಿನೋಮೈಸಿನ್ ಬಿಟ್ಟು, ಅದೇ ಕೆಲಸದ ಇನ್ನೊಂದು ರಾಸಾಯನಿಕವಾದ ಕ್ರೌನ್ ಈಥರ್ ಇರುವ ಮೆಂಬ್ರೇನ್ ಹಾಕಲೇ ಅಂತ ಕೇಳಿದ್ದೀರಿ. ಬೇಡ. ನಾನು ಇದೇ ಯೋಚನೆಯಲ್ಲಿ ನಾಲ್ಕು ತಿಂಗಳು ಕಳೆದುಕೊಂಡವನು.

ಆಗ ಮೆಂಬ್ರೇನ್ ನಾನೇ ಮಾಡುತ್ತಿದ್ದೆ. ಪಿವಿಸಿ ಪುಡಿ, ಅದನ್ನು ಮೆದುವಾಗಿಸುವ ಪ್ಲಾಸ್ಟಿಸೈಸರ್, ಚೂರೇ ಚೂರು ವ್ಯಾಲಿನೋಮೈಸಿನ್, ಎಲ್ಲವನ್ನೂ ಟಿಎಚ್‌ಎಫ್ ಎಂಬ ದ್ರಾವಕದಲ್ಲಿ ಕರಗಿಸಿ, ಗಾಜಿನ ಬಳೆಯೊಳಗೆ ಸುರಿದು ರಾತ್ರಿಯಿಡೀ ಒಣಗಲು ಬಿಡುವುದು. ಕ್ಯಾಲಿಬ್ರೇಶನ್, ಅಂದರೆ ಪ್ರಮಾಣ ಗೊತ್ತಿರುವ ದ್ರಾವಣಗಳಲ್ಲಿ ಅಳೆದು ನೋಡುವುದು, ಚೆನ್ನಾಗಿಯೇ ಬರುತ್ತಿತ್ತು. ಲೀಟರಿಗೆ 39 ಮಿಲಿಗ್ರಾಂನಿಂದ 390ಕ್ಕೆ ಹೋದರೆ ಸೆನ್ಸರ್ ವೋಲ್ಟೇಜಿನಲ್ಲಿ 56 ಮಿಲಿವೋಲ್ಟ್ ಏರಿಕೆ. 25 ಡಿಗ್ರಿಯಲ್ಲಿ ಲೆಕ್ಕದ ಪ್ರಕಾರ ಬರಬೇಕಾದದ್ದು 59.2. ಪರವಾಗಿಲ್ಲ ಅಂದುಕೊಂಡೆ. ಆದರೆ 0.4 ಮಿಲಿಗ್ರಾಂ ಹತ್ತಿರ ಬಂದರೆ ಗೆರೆ ಚಪ್ಪಟೆ, ಪೊಟ್ಯಾಸಿಯಂ ಇಳಿದರೂ ವೋಲ್ಟೇಜ್ ಇಳಿಯುತ್ತಿರಲಿಲ್ಲ.

ಸೋಡಿಯಂ ಅಡ್ಡ ಬರುತ್ತಿರಬೇಕು ಅಂತ ನನ್ನ ತೀರ್ಮಾನ. ಎಂಥ ತೀರ್ಮಾನ ಅದು! ವ್ಯಾಲಿನೋಮೈಸಿನ್ ಸೋಡಿಯಂಗಿಂತ ಪೊಟ್ಯಾಸಿಯಂ ಅನ್ನು ಸುಮಾರು ಹತ್ತು ಸಾವಿರ ಪಟ್ಟು ಇಷ್ಟಪಡುತ್ತದೆ ಅಂತ ಓದಿದ್ದೆ, ಆದರೂ ಅದನ್ನೇ ದೂರಿದೆ. ಪ್ಲಾಸ್ಟಿಸೈಸರ್ ಬದಲಿಸಿದೆ, ಕ್ರೌನ್ ಈಥರ್ ತರಿಸಿದೆ, ಮೆಂಬ್ರೇನ್ ತೆಳ್ಳಗೆ ಮಾಡಿದೆ, ದಪ್ಪಗೆ ಮಾಡಿದೆ. ರೀಡಿಂಗ್ ನಿಧಾನಕ್ಕೆ ಏರುತ್ತಲೇ ಇರುತ್ತಿತ್ತು. ಸೆನ್ಸರ್ ಸ್ಥಿರವಾಗಲು ಸಮಯ ಬೇಕು ಅಂತ ಕಾಲು ಗಂಟೆ, ಅರ್ಧ ಗಂಟೆ ಕಾದೆ. ಕಾದಷ್ಟೂ ತಪ್ಪು ಜಾಸ್ತಿಯಾಗುತ್ತಿತ್ತು.

ಕೊನೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ರೆಫರೆನ್ಸ್ ಎಲೆಕ್ಟ್ರೋಡಿಗೆ (ಹೋಲಿಕೆಗೆ ಸ್ಥಿರ ವೋಲ್ಟೇಜ್ ಕೊಡಲು ಸೆನ್ಸರ್ ಜೊತೆಗೇ ಬೀಕರಿನಲ್ಲಿ ಅದ್ದುವ ಕಡ್ಡಿ) ದ್ರಾವಣ ತುಂಬಿಸುತ್ತಾ, "ಸರ್, ಪ್ರತಿ ಸೋಮವಾರ ಇದು ಇಷ್ಟು ಖಾಲಿಯಾಗಿರುತ್ತಲ್ಲ, ಎಲ್ಲಿಗೆ ಹೋಗುತ್ತೆ?" ಅಂದಳು.

ಎಲ್ಲಿಗೆ ಹೋಗುತ್ತೆ? ನನ್ನ ಬೀಕರಿಗೇ! ಎಲೆಕ್ಟ್ರೋಡಿನೊಳಗಿದ್ದದ್ದು 3 ಮೋಲಾರ್, ಅಂದರೆ ತುಂಬಾ ಗಾಢವಾದ, ಪೊಟ್ಯಾಸಿಯಂ ಕ್ಲೋರೈಡ್. ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು.

ಲೆಕ್ಕ ಹಾಕಿ ನೋಡಿ, ಏಕೆಂದರೆ ನಾನು ಅವತ್ತಿನವರೆಗೆ ಹಾಕಿರಲಿಲ್ಲ. ರೆಫರೆನ್ಸ್ ಎಲೆಕ್ಟ್ರೋಡಿನ ತುದಿಯಲ್ಲಿರುವ ಪಿಂಗಾಣಿ ಬೆಣೆ ಸೋರಲೇಬೇಕು, ಸೋರದಿದ್ದರೆ ಸರ್ಕ್ಯೂಟೇ ಪೂರ್ತಿಯಾಗುವುದಿಲ್ಲ. ನನ್ನ ಬೀಕರಿನಲ್ಲಿ ಇದ್ದದ್ದು 20 ಮಿಲಿಲೀಟರ್ ನೀರು. ಅದಕ್ಕೆ ಒಂದೇ ಒಂದು ಮೈಕ್ರೋಲೀಟರ್ ಸೋರಿದರೂ ಲೀಟರಿಗೆ ಸುಮಾರು 6 ಮಿಲಿಗ್ರಾಂ ಪೊಟ್ಯಾಸಿಯಂ ಸೇರಿದಂತೆ. ನಾನು ಹುಡುಕುತ್ತಿದ್ದದ್ದು 0.4! ಅಂದರೆ ಹದಿನೈದು ಪಟ್ಟು ನಾನೇ ಸುರಿಯುತ್ತಿದ್ದೆ. 39ಕ್ಕೆ 6 ಸೇರಿದರೆ ಮೂರ್ನಾಲ್ಕು ಮಿಲಿವೋಲ್ಟ್ ವ್ಯತ್ಯಾಸ ಅಷ್ಟೇ, 390ರಲ್ಲಿ ಅದೂ ಕಾಣುವುದಿಲ್ಲ. ಅದಕ್ಕೇ ಕ್ಯಾಲಿಬ್ರೇಶನ್ ನನ್ನನ್ನು ಎಚ್ಚರಿಸಲಿಲ್ಲ. ಆ ಮೂರು ಮಿಲಿವೋಲ್ಟನ್ನೇ "ಪರವಾಗಿಲ್ಲ" ಅಂದು ಬಿಟ್ಟಿದ್ದು.

ನೀವು ಇವತ್ತೇ ಮಾಡಬೇಕಾದದ್ದು ಇಷ್ಟು. 20 ಮಿಲಿಲೀಟರ್ ಡಿಸ್ಟಿಲ್ಡ್ ವಾಟರ್‌ನಲ್ಲಿ ರೆಫರೆನ್ಸ್ ಎಲೆಕ್ಟ್ರೋಡ್ ಒಂದನ್ನೇ ಅರ್ಧ ಗಂಟೆ ಅದ್ದಿಡಿ. ತೆಗೆದು, ಆ ನೀರನ್ನು ಫ್ಲೇಮ್ ಫೋಟೋಮೀಟರಿಗೆ (ಜ್ವಾಲೆಯ ಬೆಳಕಿನಿಂದ ಪೊಟ್ಯಾಸಿಯಂ ಅಳೆಯುವ ಯಂತ್ರ) ಕೊಡಿ. ಪೊಟ್ಯಾಸಿಯಂ ಕಂಡರೆ ಒಳಗೊಂದು ಹೊರಗೊಂದು ಕೋಣೆ ಇರುವ ಡಬಲ್ ಜಂಕ್ಷನ್ ರೆಫರೆನ್ಸ್ ಎಲೆಕ್ಟ್ರೋಡ್ ತಗೊಳ್ಳಿ, ಅದರ ಹೊರಕೋಣೆಗೆ ಪೊಟ್ಯಾಸಿಯಂ ಇಲ್ಲದ ಲಿಥಿಯಂ ಅಸಿಟೇಟ್ ತುಂಬಿಸಿ. ಕ್ಲೋರೈಡ್ ಅಳೆಯುವವರಿಗೂ ಇದೇ ಗತಿ, ಸೋರುವುದರಲ್ಲಿ ಅರ್ಧ ಅದೇ ಅಲ್ವಾ?

ಇನ್ನೊಂದು ಮಾತು, ನಿಮಗೆ ಹಿಡಿಸದೇ ಹೋಗಬಹುದು. ವಾರಕ್ಕೆ ಹತ್ತು ಸ್ಯಾಂಪಲ್ ಮಾತ್ರ ಇದ್ದರೆ ಈ ಸೆನ್ಸರ್ ಸಹವಾಸವೇ ಬೇಡ, ಫ್ಲೇಮ್ ಫೋಟೋಮೀಟರೇ ಸಾಕು. ಹರಿಯುವ ನೀರನ್ನು ದಿನವಿಡೀ ನೋಡುತ್ತಿರಬೇಕು ಅಂದರೆ ಮಾತ್ರ ಸೆನ್ಸರ್. ಅಲ್ಲಿ ಸೋರಿದ್ದೂ ನೀರಿನ ಜೊತೆ ಕೊಚ್ಚಿಹೋಗುತ್ತದೆ.

ಕೆಟ್ಟಿವೆ ಅಂತ ಎಸೆದ ನನ್ನ ವ್ಯಾಲಿನೋಮೈಸಿನ್ ಮೆಂಬ್ರೇನ್‌ಗಳಲ್ಲಿ ಎರಡು ಹೇಗೋ ಡ್ರಾಯರಿನಲ್ಲಿ ಉಳಿದಿದ್ದವು. ಹೊಸ ರೆಫರೆನ್ಸ್ ಹಾಕಿ ಅವನ್ನೇ ಅದ್ದಿದೆ. 0.4ರಲ್ಲೂ ಗೆರೆ ನೇರವಾಗಿಯೇ ಬಂತು.