ಕೊಡಲಿ ತಲೆ ಸಡಿಲವಾಗಿದೆ, ನೀರಲ್ಲಿ ಎಷ್ಟು ಹೊತ್ತು ನೆನೆಸಿಡಬೇಕು?

ಒಂದು ನಿಮಿಷವೂ ಬೇಡ. ನಾನೂ ರಾತ್ರಿಯಿಡೀ ಬಕೆಟ್‌ನಲ್ಲಿ ಮುಳುಗಿಸಿಟ್ಟವನೇ. ಬೆಳಿಗ್ಗೆ ತಲೆ ಗಟ್ಟಿಯಾಗಿ ಕೂತಿತ್ತು. ಕಾವು, ಅಂದರೆ ಮರದ ಹಿಡಿ, ಒಣಗಿದ ಮೇಲೆ ತಲೆ ಮೊದಲಿಗಿಂತ ಜಾಸ್ತಿ ಅಲ್ಲಾಡಿತು. ಮತ್ತೆ ನೆನೆಸಿದೆ, ಮತ್ತೆ ಸಡಿಲ. ಕೊನೆಗೆ ಸೌದೆ ಒಡೆಯುವಾಗ ತಲೆ ಕಳಚಿ ಹಾರಿತು. ಎದುರಿಗೆ ಯಾರೂ ಇರಲಿಲ್ಲ, ಅಷ್ಟೇ.

ಆಗುವುದು ಇಷ್ಟು: ನೀರು ಕುಡಿದ ಮರ ಉಬ್ಬುತ್ತದೆ, ಸುತ್ತ ಕಬ್ಬಿಣ ಇರುವುದರಿಂದ ಉಬ್ಬಲು ಜಾಗವಿಲ್ಲ. ನಾರುಗಳು ಒಳಗೊಳಗೇ ಜಜ್ಜಿಹೋಗುತ್ತವೆ. ಒಣಗುವಾಗ ಆ ಜಜ್ಜಿದ ಅಳತೆಯಿಂದ ಇನ್ನೂ ಕುಗ್ಗುತ್ತವೆ. ಅಂದರೆ ನೆನೆಸಿದಷ್ಟು ಸಲವೂ ಕಾವು ಸಣ್ಣದಾಗುತ್ತದೆ. ನನ್ನ ಕಾವಿನ ತುದಿ ಕಬ್ಬಿಣದ ತುಕ್ಕು ಹತ್ತಿ ಕಪ್ಪಾಗಿ, ಉಗುರಲ್ಲಿ ಕೆರೆದರೆ ಪುಡಿ ಉದುರುತ್ತಿತ್ತು.

ನಿಮಗೆ ಬೇಕಿರುವುದು ನೀರಲ್ಲ, ಕಾವಿನ ತುದಿಯ ಸೀಳಿಗೆ ಬಡಿಯುವ ಹೊಸ ಬೆಣೆ. ಹಳೆಯದಕ್ಕೆ ಸಾಲಾಗಿ ಸಣ್ಣ ತೂತು ಕೊರೆದು ಕಿತ್ತು ತೆಗೆಯಿರಿ. ತುದಿ ಜಜ್ಜಿದ್ದರೆ ಅಷ್ಟನ್ನು ಕತ್ತರಿಸಿ ಹೊಸದಾಗಿ ಹೊಂದಿಸಿ. ಕಣ್ಣಿನ (ಕಾವು ತೂರಿಸುವ ತಲೆಯ ತೂತಿನ) ಒಳಗೆ ದೀಪದ ಮಸಿ ಸವರಿ ಕಾವು ತೂರಿಸಿ; ಕಪ್ಪು ಹತ್ತಿದ ಕಡೆ ಮಾತ್ರ ಕೆರೆಯಿರಿ. ಕೂರಿಸುವಾಗ ತಲೆಯನ್ನು ಹೊಡೆಯಬೇಡಿ. ತಲೆ ಕೆಳಗಾಗಿ ಕೊಡಲಿಯನ್ನು ಕೈಯಲ್ಲಿ ತೂಗಿ ಹಿಡಿದು, ಕಾವಿನ ಬುಡಕ್ಕೆ ಮರದ ಕೊಡತಿಯಿಂದ ಹೊಡೆಯಿರಿ. ತಲೆ ತಾನೇ ಮೇಲೇರುತ್ತದೆ. ಕಾವಿನ ತುದಿ ಕಣ್ಣಿನಿಂದ 5 ಮಿ.ಮೀ. ಹೊರಬಂದಿರಲಿ.

ಬೆಣೆಯ ಸೀಳು ಕಣ್ಣಿನ ಆಳದ ಮೂರನೇ ಎರಡು ಭಾಗ ಇರಬೇಕು: 60 ಮಿ.ಮೀ. ಕಣ್ಣಿಗೆ 40. ಬೆಣೆ ಒಣಗಿದ ಗಟ್ಟಿ ಮರದ್ದಾಗಿರಲಿ, ಅಗಲ ಸೀಳಿನಷ್ಟೇ ಇರಲಿ. ಒಳಗಿಳಿಯುವ ಉದ್ದ ಮಾತ್ರ ಸೀಳಿಗಿಂತ ತುಸು ಕಡಿಮೆ ಇರಬೇಕು. ಮೂತಿ ತಳಕ್ಕೆ ತಾಗಿದರೆ ಎಷ್ಟು ಹೊಡೆದರೂ ಮರ ಅಗಲಿಸುವುದಿಲ್ಲ. ಇಳಿಜಾರು ಕಡಿದಾಗಿದ್ದರೆ ಬೆಣೆ ಪುಟಿದು ಹೊರಬರುತ್ತದೆ. ಮೆತ್ತಗೆ ಹೊಡೆಯುತ್ತಾ ಹೋದರೆ ಡಬಡಬ ಸದ್ದು ಟಣ್ ಅಂತ ಬದಲಾಗುತ್ತದೆ, ಅಲ್ಲಿಗೆ ನಿಲ್ಲಿಸಿ. ಹೆಚ್ಚಾದ ಬೆಣೆ ಕತ್ತರಿಸಿ, ತುದಿಗೆ ಅಗಸೆ ಎಣ್ಣೆ ಹೀರುವಷ್ಟು ಹಚ್ಚಿ.

ಮೊಳೆ ಬಡಿಯುವ ಯೋಚನೆ ಇದ್ದರೆ ಬಿಡಿ, ಅದು ಕಾವನ್ನು ಸೀಳುತ್ತದೆ. ಸುತ್ತಿಗೆಗಾದರೆ ಮರದ ಬೆಣೆಯ ಮೇಲೆ ಓರೆಯಾಗಿ ಒಂದು ಕಬ್ಬಿಣದ ಬೆಣೆ ಸರಿಯೇ. ಕೊಡಲಿಗೆ ನಾನು ಅದನ್ನು ಮೊದಲೇ ಹಾಕುವುದಿಲ್ಲ, ಮುಂದೆ ಸಡಿಲವಾದಾಗ ಬಿಗಿಮಾಡಲು ಉಳಿಸಿಕೊಳ್ಳುತ್ತೇನೆ.