ಸೊಂಟದ ಕೀಲು ಬದಲಾವಣೆ: ಪ್ಯಾಕೇಜ್ ಆರಿಸುವ ಮೊದಲು ಅಳತೆ ಕೇಳಿ

ಪ್ರಶ್ನೆ: ನನ್ನ ತಮ್ಮನಿಗೆ 38 ವರ್ಷ, ಹೊಲದ ಕೆಲಸ. ಕಿಡ್ನಿ ತೊಂದರೆಗೆ ಬಹಳ ದಿನ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡಿದ್ದ. ಈಗ ಬಲ ಸೊಂಟದ ಕೀಲಿನ ಮೂಳೆಗೆ ರಕ್ತ ಹೋಗದೆ ಮೂಳೆ ಸತ್ತಿದೆ, ಎವಿಎನ್ ಅಂತೆ. ಕೀಲು ಬದಲಿಸಬೇಕು ಅಂದರು. ಆಸ್ಪತ್ರೆಯ ಕೌಂಟರಿನಲ್ಲಿ ಸಾದಾ, ಇಂಪೋರ್ಟೆಡ್, ಸಿರಾಮಿಕ್ ಎಂದು ಮೂರು ಪ್ಯಾಕೇಜ್ ಬರೆದುಕೊಟ್ಟು, ನಾಳೆ ಹೇಳಿ ಅಂದಿದ್ದಾರೆ. ಸಾಲ ಮಾಡಿಯಾದರೂ ದುಬಾರಿಯದ್ದನ್ನೇ ಹಾಕಿಸಬೇಕೆ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ನಾಳೆಯೇ ಹೇಳಬೇಕಾದ ಅವಸರ ಇದರಲ್ಲಿ ಇಲ್ಲ. ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ: ತೊಡೆಮೂಳೆಯ ಗುಂಡು ಕುಸಿದಿದೆಯೇ? ಇನ್ನೂ ದುಂಡಗೇ ಇದ್ದರೆ ಮೂಳೆಗೆ ರಂಧ್ರ ಕೊರೆದು ಒತ್ತಡ ಇಳಿಸುವ ಚಿಕ್ಕ ಆಪರೇಷನ್ನಿನಿಂದ ಕೀಲು ಉಳಿಯುವ ಅವಕಾಶ ಉಂಟು. ಕುಸಿದು ಚಪ್ಪಟೆಯಾಗಿದ್ದರೆ ಬದಲಾವಣೆಯೇ ಸರಿ. ಸ್ಟೀರಾಯ್ಡಿನಿಂದ ಬಂದ ಎವಿಎನ್ ಎರಡೂ ಕಡೆ ಬರುವುದು ಹೆಚ್ಚು. ಎಡಗಡೆ ನೋವಿಲ್ಲದಿದ್ದರೂ ಎಂಆರ್‌ಐನಲ್ಲಿ ನೋಡಿಸಿ.

ಬದಲಾವಣೆ ಎಂದಾದರೆ ಕಂಪನಿಯ ಹೆಸರು ಕೇಳುವ ಮೊದಲು, ‘ಎಕ್ಸ್‌ರೇ ಮೇಲೆ ಅಳತೆ ಹಾಕಿದ್ದೀರಾ ಡಾಕ್ಟ್ರೇ, ತೋರಿಸುತ್ತೀರಾ?’ ಎಂದು ಕೇಳಿ. ಇದಕ್ಕೆ ಟೆಂಪ್ಲೇಟಿಂಗ್ ಅನ್ನುತ್ತಾರೆ. ಎರಡೂ ಕೀಲು ಕಾಣುವಂತೆ, ಪಾದಗಳನ್ನು ತುಸು ಒಳಕ್ಕೆ ತಿರುಗಿಸಿ ಎಕ್ಸ್‌ರೇ ತೆಗೆಯಬೇಕು. ಪಾದ ಹೊರಕ್ಕೆ ವಾಲಿದ್ದರೆ ತೊಡೆಮೂಳೆಯ ಕತ್ತು ಇದ್ದದ್ದಕ್ಕಿಂತ ಗಿಡ್ಡ ಕಾಣುತ್ತದೆ, ಅಳತೆಯೆಲ್ಲ ತಪ್ಪುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಹಿಗ್ಗಿ ಮೂಡುತ್ತದೆ. ಆದ್ದರಿಂದ ಕೀಲಿನ ಮಟ್ಟದಲ್ಲಿ ತೊಡೆಯ ಪಕ್ಕ 25 ಮಿ.ಮೀ.ನ ಲೋಹದ ಗೋಲಿ ಇಡುತ್ತಾರೆ. ಚಿತ್ರದಲ್ಲಿ ಗೋಲಿ 30 ಮಿ.ಮೀ. ಕಂಡರೆ ಹಿಗ್ಗಿದ್ದು ಶೇ 20 ಎಂದು ಲೆಕ್ಕ ಸಿಕ್ಕಿತು. ಇಂಪ್ಲಾಂಟಿನ (ಒಳಗೆ ಹಾಕುವ ಕೃತಕ ಕೀಲಿನ) ನಕ್ಷೆಯನ್ನು ಅಷ್ಟೇ ಹಿಗ್ಗಿಸಿ ಮೂಳೆಯ ಮೇಲೆ ಕೂರಿಸಿ ನೋಡುತ್ತಾರೆ.

ಆಗ ಗೊತ್ತಾಗುವುದು ಮುಖ್ಯವಾಗಿ ಮೂರು ಸಂಗತಿ. ಗುಂಡು ತಿರುಗುವ ಕೃತಕ ಬಟ್ಟಲು ಎಲ್ಲಿ ಕೂರಬೇಕು. ಕಾಲಿನ ಉದ್ದ ಎಷ್ಟು ಸರಿಪಡಿಸಬೇಕು (ಗುಂಡು ಕುಸಿದ ಕಾಲು ಸಾಮಾನ್ಯವಾಗಿ ಗಿಡ್ಡವಾಗಿರುತ್ತದೆ). ಮೂರನೆಯದು, ಜನ ಕೇಳುವುದೇ ಇಲ್ಲ, ಆಫ್‌ಸೆಟ್. ಅಂದರೆ ಕೀಲಿನ ನಡುಬಿಂದುವಿನಿಂದ ತೊಡೆಮೂಳೆಯ ನಡುಗೆರೆಗೆ ಇರುವ ಅಡ್ಡದೂರ. ಇದು ಕಡಿಮೆಯಾದರೆ ಸೊಂಟದ ಪಕ್ಕದ ಸ್ನಾಯು ಸಡಿಲವಾಗಿ, ಕಾಲಿನ ಉದ್ದ ಸರಿಯಿದ್ದರೂ ಕುಂಟು ಉಳಿಯುತ್ತದೆ, ಕೀಲು ಜಾರುವ ಸಂಭವವೂ ಹೆಚ್ಚು. ತೊಡೆಮೂಳೆಯೊಳಗೆ ಇಳಿಸುವ ಕಡ್ಡಿಯಂಥ ಭಾಗಕ್ಕೆ ಸ್ಟೆಮ್ ಅನ್ನುತ್ತಾರೆ. ಒಂದೇ ಮಾದರಿಯ ಸ್ಟೆಮ್‌ನಲ್ಲೂ ಸಾಮಾನ್ಯ ಆಫ್‌ಸೆಟ್, ಹೆಚ್ಚಿನ ಆಫ್‌ಸೆಟ್ ಎಂದು ಎರಡು ಬಗೆ ಇರುವುದು ಇದಕ್ಕೇ. ಬೇಕಾದ ಅಳತೆ, ಅದರ ಹಿಂದುಮುಂದಿನ ಅಳತೆ ಎಲ್ಲವೂ ಆಪರೇಷನ್ ದಿನ ಥಿಯೇಟರಿನಲ್ಲಿ ಇರಬೇಕು. ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆಯವರಂತೆ ಕೀಲು ಬೆಳೆಯುವಾಗಲೇ ವಿಕಾರವಾದವರಿಗೆ ಮಾಮೂಲಿ ಅಳತೆ ಹೊಂದದೆ ಹೋಗಬಹುದು. ಅಂಥವರಿಗೆ ಮುಂಚಿತವಾಗಿ ತರಿಸಿಡದಿದ್ದರೆ ಟೇಬಲ್ ಮೇಲೆ ಪೇಚಾಟ.

ಈಗ ನಿಮ್ಮ ಪ್ಯಾಕೇಜಿಗೆ ಬರೋಣ. ಒಳಗೆ ಹೋಗುವುದು ನಾಲ್ಕು ಭಾಗ: ಬಟ್ಟಲು, ಅದರ ಒಳಪದರವಾದ ಲೈನರ್, ಗುಂಡು, ತೊಡೆಮೂಳೆಯೊಳಗಿನ ಸ್ಟೆಮ್. ನಿಮ್ಮ ತಮ್ಮನ ವಯಸ್ಸಿಗೆ, ಮೂಳೆ ಗಟ್ಟಿಯಿದ್ದರೆ, ಬಟ್ಟಲು ಮತ್ತು ಸ್ಟೆಮ್ ಎರಡೂ ಸಿಮೆಂಟ್ ಇಲ್ಲದವು ಸೂಕ್ತ. ಅವುಗಳ ಒರಟು ಮೈಗೆ ಮೂಳೆ ತಾನೇ ಬೆಳೆದು ಹಿಡಿದುಕೊಳ್ಳುತ್ತದೆ. ಉಜ್ಜಾಟ ನಡೆಯುವುದು ಗುಂಡು ಮತ್ತು ಲೈನರ್ ನಡುವೆ. ಲೈನರ್ ‘ಹೈಲಿ ಕ್ರಾಸ್‌ಲಿಂಕ್ಡ್’ ಪಾಲಿಥಿಲೀನ್ ಆಗಿರಲಿ. 1990ರ ದಶಕದ ಕೊನೆಯಿಂದ ಬಳಕೆಗೆ ಬಂದ ಇದು ಹಳೆಯ ಪ್ಲಾಸ್ಟಿಕ್‌ಗಿಂತ ತೀರಾ ಕಡಿಮೆ ಸವೆಯುತ್ತದೆ. ಇದರಲ್ಲಿ ರಾಜಿ ಬೇಡ. ಕೈಗೆಟುಕಿದರೆ ಗುಂಡು ಸಿರಾಮಿಕ್‌ನದು ಇರಲಿ. ಗುಂಡೂ ಲೈನರೂ ಎರಡೂ ಸಿರಾಮಿಕ್ ಆದ ಜೋಡಿ ಚೆನ್ನಾಗಿಯೇ ಬಾಳುತ್ತದೆ. ಆದರೆ ಕೆಲವರಲ್ಲಿ ಕಿರುಗುಟ್ಟುತ್ತದೆ, ಅಪರೂಪಕ್ಕೆ ಒಡೆಯುವುದೂ ಉಂಟು. ಅದಕ್ಕಾಗಿ ಸಾಲದ ಹೊರೆ ಹೊರಬೇಕೆಂದು ನಾನು ಹೇಳಲಾರೆ.

‘ಇಂಪೋರ್ಟೆಡ್’ ಎಂಬ ಹಣೆಪಟ್ಟಿಗೆ ಬೆಲೆ ಕೊಡಬೇಡಿ. ಲೋಹದ ಗುಂಡಿಗೆ ಲೋಹದ ಬಟ್ಟಲು ಜೋಡಿಸಿದ ಎಎಸ್‌ಆರ್ ಎಂಬ ವಿದೇಶಿ ಇಂಪ್ಲಾಂಟ್ ಅನ್ನು 2010ರಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಬೇಕಾಯಿತು. ಲೋಹದ ಕಣಗಳಿಂದ ಸುತ್ತಲ ಮಾಂಸ ಹಾಳಾಗಿ ನಮ್ಮ ದೇಶದ ರೋಗಿಗಳೂ ನರಳಿದರು. ಕೇಳಬೇಕಾದದ್ದು ಆ ಮಾದರಿ ಎಷ್ಟು ವರ್ಷ ಬಾಳಿದ ದಾಖಲೆ ಇದೆ ಎಂದು. ಬ್ರಿಟನ್ನಿನ ಓಡೆಪ್ ಸಮಿತಿ ಇಂಪ್ಲಾಂಟುಗಳಿಗೆ 10ಎ, 15ಎ ಎಂಬಂಥ ದರ್ಜೆ ಕೊಡುತ್ತದೆ. ಅದರಲ್ಲಿನ ಅಂಕಿ ಎಷ್ಟು ವರ್ಷದ ದಾಖಲೆ ಎಂಬುದನ್ನು ಹೇಳುತ್ತದೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದಂತೆ ಬದಲಿಸಿದ ಸೊಂಟದ ಕೀಲುಗಳಲ್ಲಿ ಸುಮಾರು ಶೇ 58ರಷ್ಟು 25 ವರ್ಷ ಬಾಳಿದ್ದವು. ನಿಮ್ಮ ತಮ್ಮನಿಗೆ ಮುಂದೊಮ್ಮೆ ಮರು ಆಪರೇಷನ್ ಬೇಕಾಗಬಹುದೆಂದು ಈಗಲೇ ಲೆಕ್ಕ ಹಾಕಿ, ಮೂಳೆಯನ್ನು ಆದಷ್ಟೂ ಉಳಿಸುವ ಸ್ಟೆಮ್ ಕೇಳಿ.

ನೆಲದ ಮೇಲೆ ಕೂರುವ ವಿಚಾರ ಡಾಕ್ಟರಿಗೆ ತಪ್ಪದೆ ಹೇಳಿ. 32 ಅಥವಾ 36 ಮಿ.ಮೀ. ಗುಂಡು 28ರದ್ದಕ್ಕಿಂತ ಜಾರುವುದು ಕಡಿಮೆ. ಬೆನ್ನು ಬಗ್ಗದ ಸಂಧಿವಾತ ಇದ್ದರೆ ನಿಂತು, ಕೂತು ಎರಡು ಎಕ್ಸ್‌ರೇ ತೆಗೆಸಿ ಬಟ್ಟಲಿನ ಕೋನ ನಿರ್ಧರಿಸಬೇಕಾಗುತ್ತದೆ. ಅದೇನೇ ಇರಲಿ, ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳುವುದು ಬಿಡಬೇಕಾದೀತು; ಮನೆಯಲ್ಲಿ ಕಮೋಡ್ ಮಾಡಿಸಿ. ಆಪರೇಷನ್ ಆದ ಮೇಲೆ ಇಂಪ್ಲಾಂಟ್ ಡಬ್ಬಿಯ ಲಾಟ್ ನಂಬರ್ ಇರುವ ಸ್ಟಿಕ್ಕರುಗಳನ್ನು ಡಿಸ್ಚಾರ್ಜ್ ಚೀಟಿಗೆ ಅಂಟಿಸಿಕೊಂಡೇ ಮನೆಗೆ ಬನ್ನಿ. ಇಪ್ಪತ್ತು ವರ್ಷದ ಮೇಲೆ ಮರು ಆಪರೇಷನ್ ಮಾಡುವವರಿಗೆ ಅದೇ ಆಧಾರ.

ಪ್ರಶ್ನೆ: ಅಮ್ಮನಿಗೆ 76. ಬಚ್ಚಲಲ್ಲಿ ಜಾರಿ ತೊಡೆಮೂಳೆಯ ಕತ್ತು ಮುರಿದಿದೆ. ಡಾಕ್ಟರು ಸಿಮೆಂಟ್ ಹಾಕಿ ಕೂರಿಸುತ್ತೇವೆ ಅಂತಾರೆ. ಅದು ಹಳೇ ಪದ್ಧತಿ ಅಂತ ಸಂಬಂಧಿಕರು ತಡೆಯುತ್ತಿದ್ದಾರೆ.
– ಓದುಗರು, ತುಮಕೂರು

ಉತ್ತರ: ಹಳೆಯದು ಹೌದು. ಮೂಳೆ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿ ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ 1960ರ ದಶಕದಲ್ಲಿ ರೂಢಿಗೆ ತಂದ ಪದ್ಧತಿ ಇದು. ಅಮ್ಮನ ವಯಸ್ಸಿಗೆ ಇವತ್ತಿಗೂ ಇದೇ ಒಳ್ಳೆಯದು. ವಯಸ್ಸಾದ ಹೆಂಗಸರಲ್ಲಿ ಮೂಳೆಯ ಗೋಡೆ ತೆಳುವಾಗಿ ಒಳಗಿನ ಕೊಳವೆ ಅಗಲವಾಗಿರುತ್ತದೆ. ಅಂಥ ಮೂಳೆಗೆ ಸಿಮೆಂಟ್ ಇಲ್ಲದ ಸ್ಟೆಮ್ ಬಡಿದು ಕೂರಿಸಿದರೆ ಮೂಳೆ ಸೀಳುವ ಭಯ ಹೆಚ್ಚು; ಹಲವು ದೇಶಗಳ ಕೀಲು ದಾಖಲಾತಿಗಳೂ ಇದನ್ನೇ ತೋರಿಸಿವೆ. ಈ ಸಿಮೆಂಟ್ ಅಕ್ರಿಲಿಕ್ ವಸ್ತು, ಥಿಯೇಟರಿನಲ್ಲೇ ಕಲಸಿ ತುಂಬಿದ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ತುಂಬುವ ಹೊತ್ತಿಗೆ ಬಿಪಿ ಇಳಿಯಬಹುದು, ಹೃದಯದ ತೊಂದರೆ ಇದ್ದರೆ ಅರಿವಳಿಕೆ ಡಾಕ್ಟರಿಗೆ ಮೊದಲೇ ತಿಳಿಸಿ.

ಅಮ್ಮ ಬೀಳುವ ಮೊದಲು ಓಡಾಡಿಕೊಂಡು ಚುರುಕಾಗಿದ್ದರೆ ಪೂರ್ತಿ ಕೀಲು, ಮನೆಯೊಳಗಷ್ಟೇ ಓಡಾಡುತ್ತಿದ್ದರೆ ಬಟ್ಟಲು ಬಿಟ್ಟು ಗುಂಡಿನ ಭಾಗವನ್ನಷ್ಟೇ ಬದಲಿಸುವ ಅರ್ಧ ಕೀಲು (ಬೈಪೋಲಾರ್‌ನಂಥದ್ದು) ಸಾಕಾಗಬಹುದು. ಸಂಬಂಧಿಕರ ಚರ್ಚೆಗಾಗಿ ಆಪರೇಷನ್ ಮುಂದೂಡಬೇಡಿ. ಮುರಿದ ಸೊಂಟದೊಂದಿಗೆ ಹಾಸಿಗೆ ಹಿಡಿದರೆ ನ್ಯುಮೋನಿಯಾ, ಬೆನ್ನಿನ ಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಒಂದರ ಹಿಂದೊಂದು ಬರುತ್ತವೆ. ದೇಹಸ್ಥಿತಿ ಒಪ್ಪಿದರೆ ಒಂದೆರಡು ದಿನದೊಳಗೆ ಮಾಡಿಸಿಬಿಡಿ.